ಓಬಮ್ಮ ಆರಿಸಿದ ದ್ವೀಪ

ಆಂಧ್ರದ ಗಡಿಯೊಳಗಿನ ಅಗಳಿ ಸುತ್ತಮುತ್ತ ಯಾರ ಬಾವಿಗೆ ಏನು ಬಿದ್ದರೂ ಹನುಮಂತಯ್ಯನಿಗೆ ಕರೆ ಬರುತ್ತದೆ. ಬಿಂದಿಗೆ, ಮೋಟರು, ಪೈಪಿನ ತುದಿಯ ಫುಟ್‌ವಾಲ್ವು, ಒಮ್ಮೆ ಮದುಮಗಳ ಸರ, ಎಲ್ಲವನ್ನೂ ಮುಳುಗಿ ತಂದುಕೊಟ್ಟವನು ಅವನು. ಜನ ಅವನನ್ನು ಬಾಯ್ತುಂಬ ಹೊಗಳಿ ಎಲೆಅಡಿಕೆ ಕೊಡುತ್ತಾರೆ. ಮೇಲೆ ಕಾಲೂರಿ ಹಗ್ಗ ಹಿಡಿದು ನಿಂತ ಅವನ ಹೆಂಡತಿ ಓಬಮ್ಮನಿಗೆ ಒಂದು ಲೋಟ ಮಜ್ಜಿಗೆ ಸಿಕ್ಕರೆ ಅದೇ ದೊಡ್ಡದು. ಇದಕ್ಕೆ ಅವಳೇನೂ ಬೇಸರಪಟ್ಟವಳಲ್ಲ. ಬೇಸರ ನನಗೆ, ಆದ್ದರಿಂದ ಈ ಕಥೆ ಅವಳದು.

ಮದುವೆಯಾದ ಹೊಸದರಲ್ಲಿ ಹಗ್ಗ ಹಿಡಿಯುತ್ತಿದ್ದವನು ಬೇರೊಬ್ಬ. ಕೆಳಗಿನಿಂದ ಎರಡು ಸಲ ಜಗ್ಗಿದರೆ ‘ಮೇಲಕ್ಕೆ ಎಳೆ’ ಎಂದು ಅರ್ಥ. ಒಂದು ದಿನ ಹನುಮಂತಯ್ಯ ಎರಡಲ್ಲ, ಹತ್ತು ಸಲ ಜಗ್ಗಿದ. ಆ ಪುಣ್ಯಾತ್ಮ ಹಗ್ಗವನ್ನು ಕಲ್ಲಿಗೆ ಸುತ್ತಿ ಬೀಡಿ ಹಚ್ಚಲು ಹೋಗಿದ್ದ. ಹೇಗೋ ತಾನೇ ಮೇಲೆ ಬಂದ ಹನುಮಂತಯ್ಯನ ಬಲಗಿವಿಯಿಂದ ರಕ್ತ ಸುರಿಯುತ್ತಿತ್ತು. ಮತ್ತೆ ಬಾವಿಗೆ ಇಳಿಯುವ ದಿನ ಓಬಮ್ಮ ಬಂದು ಹಗ್ಗ ತನ್ನ ಕೈಗೆ ತೆಗೆದುಕೊಂಡಳು. ಮೂವತ್ತೆರಡು ವರ್ಷವಾಯಿತು, ಅದು ಇನ್ನೊಬ್ಬರ ಕೈಗೆ ಹೋಗಿಲ್ಲ.

ಒಮ್ಮೆ ರಾಯದುರ್ಗದ ಕಡೆಯ ತೋಟವೊಂದಕ್ಕೆ ಹೋದಾಗ ಅಲ್ಲಿನ ಯಜಮಾನ ಸಣ್ಣಬಸಪ್ಪ ನಕ್ಕಿದ್ದರು. “ಹೆಣ್ಮಗಳ ಕೈಯಾಗ ಹಗ್ಗ ಯಾಕ ಕೊಡ್ತೀರಿ? ನಮ್ಮ ಆಳುಗಳು ಅದಾರಲ್ರಿ.”

“ನಾನು ತಿರುಗಿ ಮೇಲಕ್ಕೆ ಬರ್ಬೇಕಲ್ಲ ಯಜಮಾನ್ರೆ,” ಎಂದಿದ್ದ ಹನುಮಂತಯ್ಯ.

ಇಷ್ಟಾದರೂ ಓಬಮ್ಮನಿಗೆ ಈಜು ಬಾರದು. ಮೊಣಕಾಲಿನ ಮೇಲೆ ನೀರು ಬಂದರೆ ಅವಳ ಎದೆ ಢವಢವ ಅನ್ನುತ್ತದೆ.

ಅವರ ಮಗಳು ಸುಜಾತಾ ಮಡಕಶಿರದ ಆಸ್ಪತ್ರೆಯಲ್ಲಿ ನರ್ಸು. ಅಪ್ಪನಿಗೆ ಅರವತ್ತು ತುಂಬಿದ ವಾರ ಅವಳು ಫೋನಿನಲ್ಲಿ ಸಮುದ್ರದ ಅಡಿಯ ವಿಡಿಯೋ ಒಂದನ್ನು ತೋರಿಸಿದಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡವರು ಬಣ್ಣಬಣ್ಣದ ಮೀನುಗಳ ನಡುವೆ ತಿರುಗಾಡುತ್ತಿದ್ದರು. ಹನುಮಂತಯ್ಯ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದ.

“ನಲ್ವತ್ತು ವರ್ಷ ನೀರಾಗೇ ಇದ್ದೆ ಕಣಮ್ಮ. ಕಣ್ಣಿಗೆ ಒಂದಿನಾನೂ ಏನೂ ಕಂಡಿಲ್ಲ. ಬರೀ ಕೈಯಾಗೆ ತಡಕಿದ್ದೇ ಆಯ್ತು.”

ಅಪ್ಪನಿಗೆ ಸಮುದ್ರದ ಅಡಿ ತೋರಿಸಲೇಬೇಕು ಎಂದು ಸುಜಾತಾ ಆಗಲೇ ನಿಶ್ಚಯಿಸಿದಳು. ಮೊದಲು ಅವನನ್ನು ಹಿಂದೂಪುರದ ಕಿವಿ ಡಾಕ್ಟರಿಗೆ ತೋರಿಸಿದಳು. ಕಿವಿತಮಟೆಯ ಹಳೆಯ ತೂತು ಎಂದೋ ಮುಚ್ಚಿದೆ, ಮುಳುಗಬಹುದು ಎಂದು ಅವರು ಬರೆದುಕೊಟ್ಟರು. ಇನ್ನು ಉಳಿದದ್ದು ಓಬಮ್ಮನ ಒಪ್ಪಿಗೆ.

“ಹಗ್ಗ ಇಲ್ದೆ ಅವ್ರು ನೀರಿಗೆ ಇಳಿಯಂಗಿಲ್ಲ,” ಎಂದಳು ಓಬಮ್ಮ. “ಇಳಿದ್ರೆ ನಾನು ಬದುಕಾಕಿಲ್ಲ.”

“ಹಂಗಾದ್ರೆ ಜಾಗ ನೀನೇ ಆರ್ಸು,” ಎಂದಳು ಸುಜಾತಾ.

ಓಬಮ್ಮ ಸಮುದ್ರ ಕಂಡವಳಲ್ಲ. ಅವಳಿಗೆ ಗೊತ್ತಿದ್ದದ್ದು ಬಾವಿ. ಬಾವಿಯನ್ನು ನೋಡುವ ಹಾಗೆಯೇ, ಮಗಳು ಫೋನಿನಲ್ಲಿ ತೋರಿಸಿದ ದ್ವೀಪಗಳನ್ನೂ ನೋಡತೊಡಗಿದಳು. ಮುರುಡೇಶ್ವರದ ನೇತ್ರಾಣಿ ಹತ್ತಿರ, ಆದರೆ ದೋಣಿಯಿಂದಲೇ ಆಳಕ್ಕೆ ಇಳಿಯಬೇಕು. “ಮೆಟ್ಲಿಲ್ಲದ ಬಾವಿ, ಬ್ಯಾಡ.” ಲಕ್ಷದ್ವೀಪದ ನೀರು ಗಾಜಿನ ಹಾಗೆ ತಿಳಿ, ಆದರೆ ಹೋಗಲು ಪರ್ಮಿಟ್ಟು ಬೇಕು. “ಕಾಗ್ದ ಬರೋ ಹೊತ್ಗೆ ನಿನ್ ರಜಾ ಮುಗ್ದಿರ್ತದೆ.” ಅಂಡಮಾನಿನ ಹ್ಯಾವ್ಲಾಕಿನಲ್ಲಿ ಮರಳ ದಡದಿಂದ ನಡೆದುಕೊಂಡೇ ನೀರಿಗೆ ಇಳಿಯಬಹುದು, ಚಳಿಗಾಲದಲ್ಲೂ ನೀರು ಬೆಚ್ಚಗೆ ಇರುತ್ತದೆ, ಹೊಸಬರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಅದಕ್ಕೆ ಅವಳು ತಲೆಯಾಡಿಸಿದಳು, ಆದರೆ ಹೂಂ ಅನ್ನಲಿಲ್ಲ.

ಅಷ್ಟರಲ್ಲಿ ಹನುಮಂತಯ್ಯ ತಾನೇ ಒಂದು ಎಡವಟ್ಟು ಮಾಡಿಕೊಂಡ. ಅಭ್ಯಾಸವಾಗಲಿ ಎಂದು ದಿನಾ ಬೆಳಗ್ಗೆ ಹಿತ್ತಲ ನೀರಿನ ತೊಟ್ಟಿಯಲ್ಲಿ ತಲೆ ಮುಳುಗಿಸಿ ಉಸಿರು ಕಟ್ಟತೊಡಗಿದ. ಒಂದು ದಿನ ಎರಡು ನಿಮಿಷದ ಮೇಲೆ ತಲೆಯೆತ್ತಿ, ಮೀಸೆಯ ನೀರು ಒರೆಸಿಕೊಂಡು, ಮಗಳ ಕಡೆ ನೋಡಿದ.

“ಅಪ್ಪ, ಅಲ್ಲಿ ಉಸ್ರು ಕಟ್ಟೋದೇ ದೊಡ್ಡ ತಪ್ಪು,” ಎಂದಳು ಸುಜಾತಾ. “ಸಿಲಿಂಡರ್ ಗಾಳಿ ಒಳಗೆ ಹಿಡ್ಕಂಡು ಮೇಲಕ್ಕೆ ಬಂದ್ರೆ ಆ ಗಾಳಿ ಉಬ್ಬಿ ಶ್ವಾಸಕೋಶವೇ ಹರೀತದೆ. ಎಳ್ಕಂತಾ ಬಿಡ್ತಾ ಇರ್ಬೇಕು.”

ಅವನ ಮುಖ ಸಪ್ಪಗಾಯಿತು. ನಲವತ್ತು ವರ್ಷ ಅನ್ನ ಕೊಟ್ಟ ವಿದ್ಯೆ ಒಂದೇ ಮಾತಿಗೆ ತಪ್ಪಾಗಿಬಿಟ್ಟಿತ್ತು. ಓಬಮ್ಮನಿಗಂತೂ ಹೊಸ ಭಯ ಹತ್ತಿತು. ಈ ಮನುಷ್ಯ ನೀರಿಗೆ ಬಿದ್ದ ಕೂಡಲೇ ಉಸಿರು ಕಟ್ಟುತ್ತಾನೆ, ಅದನ್ನು ಯಾರಿಂದಲೂ ಬಿಡಿಸಲಾಗದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಾರನೆಯ ದಿನ ಅವಳೇ ಹ್ಯಾವ್ಲಾಕಿನ ಡೈವಿಂಗ್ ಸೆಂಟರುಗಳಿಗೆ ಫೋನು ಹಚ್ಚಿಸಿದಳು. ಮೊದಲ ಕಡೆ, ಹಗ್ಗ ಯಾರು ಹಿಡಿಯುತ್ತಾರೆ ಎಂದು ಮಗಳ ಬಾಯಲ್ಲಿ ಕೇಳಿಸಿದ್ದಕ್ಕೆ ಅಲ್ಲಿನ ಹುಡುಗಿ ನಕ್ಕಳು. ಒಬ್ಬ ಟ್ರೈನರಿಗೆ ನಾಲ್ಕು ಜನ ಎಂದೂ ಹೇಳಿದಳು. ಓಬಮ್ಮ ಫೋನು ಕೆಳಗಿಡಿಸಿದಳು. ಎರಡನೆಯ ಕಡೆ ಸಿಕ್ಕವನು ತೆಲುಗಿನವನು, ಅವನ ತಾತ ಶ್ರೀಕಾಕುಳಂ ಬಿಟ್ಟು ಹೋಗಿ ಅಂಡಮಾನಿನಲ್ಲಿ ನೆಲೆಸಿದವರಂತೆ. ಓಬಮ್ಮನಿಗೆ ಧೈರ್ಯ ಬಂದು ತೆಲುಗಿನಲ್ಲೇ ಬೀಡಿಯ ಕಥೆಯನ್ನೆಲ್ಲ ಹೇಳಿದಳು. ಅವನು ನಗಲಿಲ್ಲ.

ಹಗ್ಗ ಇಲ್ಲ, ಒಬ್ಬರಿಗೆ ಒಬ್ಬರು, ಹಿಂದಿನಿಂದ ಸಿಲಿಂಡರನ್ನೇ ಹಿಡಿದಿರುತ್ತೇವೆ, ದಡಕ್ಕೆ ಬರುವ ತನಕ “ವದಲಂ ಅಮ್ಮಾ,” ಬಿಡುವುದಿಲ್ಲ ಎಂದ. ಆಮೇಲೆ, ನೀವು ಇಳಿಯುವುದಿಲ್ಲವೇ ಎಂದು ಕೇಳಿದ.

ಈಜು ಬರುವುದಿಲ್ಲ ಎಂದಳು ಓಬಮ್ಮ.

ಈಜು ಬೇಕಾಗಿಲ್ಲ, ನಮಗೆ ಕಷ್ಟವಾಗುವುದು ನಿಮ್ಮವರಂಥ ಬಾವಿಯ ಗಟ್ಟಿಗರಿಂದಲೇ, ಅವರು ಉಸಿರು ಕಟ್ಟುತ್ತಾರೆ. ಏನೂ ಬಾರದವರು ಹೇಳಿದ ಹಾಗೆ ಸುಮ್ಮನೆ ಉಸಿರಾಡುತ್ತಾರೆ ಎಂದ ಅವನು.

ಫೋನು ಇಟ್ಟ ಮೇಲೆ ಓಬಮ್ಮ ಹಿತ್ತಲ ತೊಟ್ಟಿಯ ಬಳಿ ಹೋಗಿ ನೀರನ್ನು ಬಗ್ಗಿ ನೋಡಿದಳು. ಬಾವಿಯ ಬಾಯಿಂದ ಕಪ್ಪು ನೀರನ್ನು ನೋಡುತ್ತಾ ನಿಂತ ಮೂವತ್ತೆರಡು ವರ್ಷ ಅವಳ ಕಣ್ಣ ಮುಂದೆ ಬಂತು. ಒಳಗೆ ಏನಿದೆ ಎಂದು ಅವಳಿಗೂ ಒಂದು ಸಲ ನೋಡಬೇಕಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಸಂಜೆ ಸುಜಾತಾ ಜಗಲಿಯಲ್ಲಿ ಕೂತು ಫಾರಂ ತುಂಬತೊಡಗಿದಳು. “ಅಪ್ಪಂದೊಂದು, ನಂದೊಂದು. ಎರಡಾಯ್ತು.”

“ಮೂರು ಬರಿ,” ಎಂದಳು ಓಬಮ್ಮ.

ಹನುಮಂತಯ್ಯ ಹೆಂಡತಿಯನ್ನು ದಿಟ್ಟಿಸಿದ. ಮೇಲೆ ನಿಂತವರ ಭಯ ಎಂಥದು ಎಂದು ಅವನಿಗೆ ತಿಳಿದದ್ದು ಆಗಲೇ. “ನೀನೂ ಇಳಿದ್ರೆ ಹಗ್ಗ ಯಾರೇ ಹಿಡಿಯೋರು?”

“ಇಷ್ಟು ವರ್ಷ ನಾನು ಹಿಡೀಲಿಲ್ವಾ? ಈ ಸಲ ನೀವು ನನ್ ಕೈ ಹಿಡ್ಕಳಿ.”

ಹನುಮಂತಯ್ಯ ಬಾವಿಗೆ ಇಳಿಯುವವನ ಹಾಗೆ ಎದೆ ಉಬ್ಬಿಸಿಕೊಂಡು ಹಾಗೇ ಇದ್ದುಬಿಟ್ಟ. ಓಬಮ್ಮ ಅವನ ಎದೆಯನ್ನೇ ನೋಡಿದಳು, ಅದು ಇಳಿಯಲೇ ಇಲ್ಲ.

“ಮೊದ್ಲು ಉಸ್ರು ಬಿಡಿ,” ಎಂದಳು.