ದೊಡ್ಡಪ್ಪನ ನಿದ್ದೆ ಮಾತ್ರೆ, ದೊಡ್ಡಮ್ಮನ ಲಿವರ್ ಟೆಸ್ಟು

ನಮ್ಮ ಕಡೆ ಮನೆಯಲ್ಲಿ ಒಬ್ಬರಿಗೆ ಬರೆದ ಮಾತ್ರೆ ಮನೆಮಂದಿಗೆಲ್ಲ ಬರೆದ ಹಾಗೆ. ಬಸವಾಪಟ್ಟಣದ ನಮ್ಮ ದೊಡ್ಡಮ್ಮನ ಮನೆಯಲ್ಲಂತೂ ಎಲ್ಲ ಮಾತ್ರೆಗಳೂ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿ ಸಂಸಾರ ಮಾಡುತ್ತಿದ್ದವು. ಮೊಣಕಾಲಿನವು, ಗ್ಯಾಸಿನವು, ಬಿ.ಪಿ.ಯವು. ಯಾರಿಗೆ ಏನು ಬೇಕೋ ಕೈಹಾಕಿ ತೆಗೆದುಕೊಳ್ಳುವುದು. ಹೋದ ವರ್ಷ ಆ ಡಬ್ಬಿಗೆ ದೊಡ್ಡಪ್ಪನ ನಿದ್ದೆ ಮಾತ್ರೆ ಹೊಸ ಸೊಸೆಯ ಹಾಗೆ ಬಂದು ಸೇರಿತು.

"ಅವರು ಮಾತ್ರೆ ತಗಂಡು ಗೊರಕೆ ಹೊಡೀತಾರೆ. ಆ ಗೊರಕೆಗೆ ನನಗೆ ನಿದ್ದೆ ಇಲ್ಲ. ನಾನೇನು ಮಾಡ್ಲಿ?" ಎಂದು ದೊಡ್ಡಮ್ಮ ತಾನೂ ದಿನಾ ಒಂದು ನುಂಗತೊಡಗಿದಳು.

ತೊಂದರೆ ಆದದ್ದು ಬೆಳಿಗ್ಗೆ. ದೊಡ್ಡಮ್ಮ ಊರಿನ ಹೆಂಗಸರ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ನಸುಕಿಗೇ ಹೋಗಿ ಎಲ್ಲರ ಹಾಲೂ ಅಳೆದು, ಫ್ಯಾಟು ನೋಡಿ ಹೇಳಬೇಕು. ಮನೆಯ ಹೊರಗೆ ಅವಳಿಗೇ ಅಂತ ಇದ್ದ ಕುರ್ಚಿ ಆ ಡೇರಿಯದೊಂದೇ. ಈಗ ಅದರಲ್ಲಿ ಕೂತು ತೂಕಡಿಸತೊಡಗಿದಳು. ಒಂದು ದಿನ ಎಮ್ಮೆ ಹಾಲಿಗೆ ಫ್ಯಾಟೇ ಇಲ್ಲ ಎಂದಳು. ಇನ್ನೊಂದು ದಿನ ಅಳತೆ ಪಾತ್ರೆ ಹಿಡಿದುಕೊಂಡೇ ಗೋಡೆಗೊರಗಿ ನಿದ್ದೆಹೋದಳು. ಎದ್ದರೆ ಕಾಲು ತೊಡರುತ್ತಿತ್ತು, ಮಾತಾಡಿದರೆ ನಾಲಿಗೆ ತೊದಲುತ್ತಿತ್ತು.

ನಮ್ಮೂರಿನ ಬಾಯಿ ಸುಮ್ಮನಿರುತ್ತದೆಯೇ? ಪಕ್ಕದ ಓಣಿಯವಳೊಬ್ಬಳು, "ಯಕ್ಕ ಸಂಜಿಗೆ ಹಾಕ್ಕೊಂತಾಳೆ ಕಣ್ರೇ" ಎಂದದ್ದೇ ತಡ, ಸುದ್ದಿ ಬಸ್ಸಿಗಿಂತ ಮೊದಲೇ ಹೊನ್ನಾಳಿ ಮುಟ್ಟಿತು. ಡೇರಿಯ ಅಧ್ಯಕ್ಷೆ ಸೋಮವಾರ ಸಭೆ ಕರೆದಳು. ಕುರ್ಚಿಗೆ ಬೇರೆಯವರನ್ನು ಕೂರಿಸುವ ಮಾತು.

ನಾನು ಜಗಳೂರಿನಲ್ಲಿ ಮೇಷ್ಟ್ರಮ್ಮ. ಸುದ್ದಿ ಕೇಳಿ ಶನಿವಾರವೇ ಓಡಿಬಂದೆ. ದೊಡ್ಡಮ್ಮ ಆಗಲೇ ತೀರ್ಮಾನ ಮಾಡಿಯಾಗಿತ್ತು.

"ಕುಡುಕರಿಗೆ ಲಿವರ್ ಟೆಸ್ಟು ಮಾಡಿಸ್ತಾರಲ್ಲ, ಅದನ್ನ ನಾನೇ ಮಾಡಿಸಿ ಸಭೇಲಿ ಮುಖಕ್ಕೆ ಹಿಡೀತೀನಿ. ನಡಿಯೇ ಚನ್ನಗಿರಿಗೆ." ಜೋಡಿಗಿರಲಿ ಎಂದು ದೊಡ್ಡಪ್ಪನನ್ನೂ ಎಬ್ಬಿಸಿದಳು.

"ನನಗ್ಯಾಕೆ ಟೆಸ್ಟು?"

"ನೀವು ಕುಡಿಯಲ್ಲ ಅಂತ ಇಷ್ಟು ವರ್ಷ ನಂಬಿದೀನಲ್ರೀ, ಅದೂ ಗೊತ್ತಾಗ್ಲಿ."

ಸಂಜೆ ಚನ್ನಗಿರಿ ಆಸ್ಪತ್ರೆಯಲ್ಲಿ ರಿಪೋರ್ಟು ಬಂತು. ಇಬ್ಬರದೂ ಪಕ್ಕಪಕ್ಕ ಇಟ್ಟು ನೋಡಿದರೆ ಲಿವರಿನ ಒಂದು ಅಂಕಿ ಇಬ್ಬರದೂ ಒಂದೇ! ದೊಡ್ಡಪ್ಪ ಮೀಸೆ ತಿರುವಿದ. ಆದರೆ ಡಾಕ್ಟರಮ್ಮ ಅವನದನ್ನು ಬದಿಗಿಟ್ಟು ದೊಡ್ಡಮ್ಮನದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದರು.

"ಯಜಮಾನರಿಗೆ ಇಷ್ಟಿದ್ದರೆ ಪರವಾಗಿಲ್ಲ. ನಿಮಗೆ ಸ್ವಲ್ಪ ಜಾಸ್ತಿ."

"ಒಂದೇ ಮಾರ್ಕ್ಸಿಗೆ ಅವರು ಪಾಸು, ನಾನು ಫೇಲಾ?"

"ಹೆಂಗಸರಿಗೆ ಮಿತಿ ಕಡಿಮೆ, ಅಮ್ಮಾ. ಇದು ಕುಡಿತ ಹಿಡಿಯೋ ಪರೀಕ್ಷೆಯೂ ಅಲ್ಲ. ಕೊಬ್ಬು, ಕಾಮಾಲೆ, ಮಾತ್ರೆ, ಯಾವುದರಿಂದಲೂ ಏರಬಹುದು. ಏನೇನು ಮಾತ್ರೆ ತಗೋತೀರಿ?"

ದೊಡ್ಡಮ್ಮ ಚೀಲದಿಂದ ಡಬ್ಬಿಯನ್ನೇ ತೆಗೆದು ಮೇಜಿನ ಮೇಲೆ ಸುರಿದಳು. ಡಾಕ್ಟರಮ್ಮನ ಮುಖ ನೋಡಬೇಕಿತ್ತು! ಒಂದೊಂದೇ ಸರಿಸುತ್ತ ಬಂದವರು ನಿದ್ದೆ ಮಾತ್ರೆಯ ಹತ್ತಿರ ನಿಂತರು.

"ಇದು ಗಂಡಸರ ಮೈಯಿಂದ ಬೇಗ ಇಳಿದುಹೋಗುತ್ತೆ. ಹೆಂಗಸರಲ್ಲಿ ನಿಧಾನ. ಬೆಳಿಗ್ಗೆಯೂ ರಕ್ತದಲ್ಲಿ ಉಳಿದಿರುತ್ತೆ, ಅದಕ್ಕೇ ನಿಮಗೆ ತೂಕಡಿಕೆ. ಹೆಂಗಸರಿಗೆ ಕೊಟ್ಟರೂ ನಾವು ಅರ್ಧ ಕೊಡೋದು."

ದೊಡ್ಡಮ್ಮ ಕೆರಳಿದಳು. "ಕೂಲೀಲೂ ನಮಗೆ ಕಡಿಮೆ, ಇಲ್ಲೂ ಅರ್ಧನಾ? ಸರ್ಕಾರದೋರು ಬಸ್ಸಾದ್ರೂ ಪುಕ್ಕಟೆ ಬಿಟ್ಟಾರೆ, ನೀವು ಮಾತ್ರೇನೂ ಮುರೀತೀರಲ್ರೀ!"

ದೊಡ್ಡಪ್ಪ ಮೂಲೆಯಿಂದ, "ನನ್ನ ಮಾತ್ರೆ ಹೆಂಗೆ ಖಾಲಿಯಾಗ್ತಿದ್ವು ಅಂತ ಈಗ ಗೊತ್ತಾತು" ಎಂದ.

ನಿದ್ದೆ ಮಾತ್ರೆ ಬಂದ್ ಆಯಿತು. ಅವಳಿಗೆ ಬರೆಯದ ಉಳಿದವೂ ಬಂದ್. ಕೆಲವು ವಾರ ಬಿಟ್ಟು ಇನ್ನೊಮ್ಮೆ ಟೆಸ್ಟು. ಆದರೆ ಸಭೆಗೆ ಏನು ಹಿಡಿಯುವುದು? ಆ ಸುತ್ತು ಹಾಕಿದ ಅಂಕಿ ನೋಡಿದರೆ ಊರಿನವರು ಬಿಡುತ್ತಾರೆಯೇ? ಬಸ್ಸಿನಲ್ಲಿ ನಾನು ಮೆಲ್ಲಗೆ, "ದೊಡ್ಡಪ್ಪಂದು ತೋರಿಸು. ಹೆಸರು ಯಾರು ಓದ್ತಾರೆ?" ಎಂದೆ.

"ಥೂ, ಮಕ್ಕಳಿಗೆ ಇದನ್ನೇ ಕಲಿಸ್ತೀಯೇನೇ?" ಎಂದು ತೊಡೆ ಚಿವುಟಿದಳು.

ಸೋಮವಾರ ಬರಿಗೈಯಲ್ಲಿ ಹೋಗಿ ನಿಂತಳು. "ನಾನು ಕುಡಿದಿಲ್ಲ. ಗಂಡನ ನಿದ್ದೆ ಮಾತ್ರೆ ನುಂಗಿದೀನಿ. ಅವರಿಗೆ ಬೆಳಗಾಗೋದ್ರೊಳಗೆ ಇಳಿಯೋದು ನಮಗೆ ಇಳಿಯಲ್ವಂತೆ. ಡಾಕ್ಟರೇ ಹೇಳ್ಯಾರೆ, ಬಿಟ್ಟಿದೀನಿ. ಇಲ್ಲಿ ಗಂಡನ ಮಾತ್ರೆ ಒಂದೂ ನುಂಗದೋರು ಯಾರದೀರಿ, ಕೈ ಎತ್ರವ್ವಾ."

ಒಂದು ಕೈಯೂ ಏಳಲಿಲ್ಲ. ಕೊನೆಗೆ ಅಧ್ಯಕ್ಷೆಯೇ ದನಿ ತಗ್ಗಿಸಿ, "ಯಕ್ಕಾ, ಬಿ.ಪಿ. ಮಾತ್ರೆಗೂ ಹಂಗೇನಾ?" ಎಂದಳು.

"ನನಗೇನು ಗೊತ್ತವ್ವಾ? ನಾನು ಹಾಲು ನೋಡೋಳು. ಚನ್ನಗಿರಿಗೆ ಹೋಗಿ ಕೇಳು."

ಕುರ್ಚಿಯ ಮಾತು ಅಲ್ಲಿಗೇ ನಿಂತಿತು. ಮರುದಿನ ನಸುಕಿಗೆ ಜಗಳೂರಿಗೆ ಹೊರಟವಳು ಡೇರಿ ಮುಂದೆ ಹಾದೆ. ದೊಡ್ಡಮ್ಮನ ಕಣ್ಣು ಫಳಫಳ. ಸಾಲಿನಲ್ಲಿ ಮೊದಲು ನಿಂತಿದ್ದವಳು ಪಕ್ಕದ ಓಣಿಯ ಅವಳೇ. ದೊಡ್ಡಮ್ಮ ಅವಳ ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟಳು. ಅದು ಗುಳುಂ ಎಂದು ಇಳಿಯಿತು.

"ಏನವ್ವಾ," ಎಂದಳು ದೊಡ್ಡಮ್ಮ, ಸಾಲಿನ ಕೊನೆಗೂ ಕೇಳುವ ಹಾಗೆ, "ಹಾಕ್ಕೊಂಡಿರೋದು ನಿನ್ನ ಹಾಲೇ ಕಣೇ, ನೀರು!"