ಬಾಯಿ ಮುಚ್ಚಿ ತೆಗೆದ ಹರಳೆಣ್ಣೆ

ನನ್ನ ಬಾಯಿಯ ಬಗ್ಗೆ ನಮ್ಮತ್ತೆಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹೊಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಾನು ತರಕಾರಿಯವಳ ಜೊತೆ ತೆಲುಗಿನಲ್ಲಿ, ಮಹಡಿಯ ಮೇಲಿದ್ದ ಓನರಮ್ಮನ ಜೊತೆ ತಮಿಳಿನಲ್ಲಿ, ಯಾರೂ ಸಿಗದಿದ್ದರೆ ಒಲೆಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಅತ್ತೆ ಹತ್ತಿರದ ತಳಿ ಊರಿನ ಕಡೆಯ ಹಳ್ಳಿಯವರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಅವರ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಊರಿಂದ ಹರಳು ಬೀಜ ತರಿಸಿ, ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುತ್ತಿದ್ದರು. ಅದಕ್ಕೆ ಲಕ್ಕಿ ಸೊಪ್ಪು, ಬೆಳ್ಳುಳ್ಳಿ ಹಾಕಿ ಮತ್ತೆ ಕಾಯಿಸಿದರೆ ಮೈಗೆ ತಿಕ್ಕುವ ಎಣ್ಣೆ. ನನ್ನ ಗಂಡ ಫ್ಯಾಕ್ಟರಿಯಿಂದ ಸೊಂಟ ಹಿಡಿದುಕೊಂಡು ಬಂದಾಗಲೆಲ್ಲ ಅದೇ ಗತಿ. ಒಂದು ಕಟ್ಟಳೆ ಇತ್ತು. ಬೀಜ ಒರಳಿಗೆ ಬಿದ್ದಾಗಿನಿಂದ ಎಣ್ಣೆ ಒಲೆಯಿಂದ ಇಳಿಯುವವರೆಗೆ ತೆಗೆಯುವವಳು ತುಟಿ ಬಿಚ್ಚಬಾರದು. ಬಿಚ್ಚಿದರೆ ಎಣ್ಣೆ ಸಿಕ್ಕುವುದಿಲ್ಲ.

ಚಿಕುನ್‌ಗುನ್ಯ ಬೀದಿಯನ್ನೆಲ್ಲ ಮಲಗಿಸಿದ ವರ್ಷ ಅತ್ತೆಯೂ ಮಲಗಿದರು. ಜ್ವರ ವಾರದಲ್ಲಿ ಬಿಟ್ಟಿತು, ಮಂಡಿನೋವು ಬಿಡಲಿಲ್ಲ. ಎರಡು ತಿಂಗಳಾದರೂ ಬಚ್ಚಲಿಗೆ ಹೋಗಬೇಕೆಂದರೆ ಇಬ್ಬರು ಹಿಡಿದುಕೊಳ್ಳಬೇಕಿತ್ತು. ಮೆಲ್ಲಗೆ ನಡೆಸಿ ಎಂದು ಡಾಕ್ಟರು ಹೇಳಿದರೂ ಒಂಟಿಯಾಗಿ ಕಾಲೂರಲು ಅವರು ಒಪ್ಪಲಿಲ್ಲ. ಅಂಗಡಿಯ ಎಣ್ಣೆ ತಂದರೆ ಮೂಸಿ ಪಕ್ಕಕ್ಕಿಟ್ಟರು. ನನ್ನ ಎಣ್ಣೆ ಇದ್ದಿದ್ದರೆ ಇಷ್ಟೊತ್ತಿಗೆ ಎದ್ದು ಓಡಾಡುತ್ತಿದ್ದೆ ಎಂದರು. ಅದು ಜ್ವರಕ್ಕೆ ಮುಂಚೆಯೇ ಮುಗಿದಿತ್ತು. ಹಾಗಾದರೆ ನಾನೇ ತೆಗೆಯುತ್ತೇನೆ ಎಂದೆ.

"ನಿನ್ ಬಾಯ್ಗೆ ಎಣ್ಣೆ ಬತ್ತದಾ?" ಎಂದರು.

ಮೊದಲ ಸಲ ಬರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಪಾತ್ರೆ ಏರಿಸಿದ್ದೆ. ಕುದಿಯುವ ಹೊತ್ತಿಗೆ ತರಕಾರಿಯವಳು ಬಂದಳು. ಹಿಂದಿನ ದಿನ ಹುಳುಕು ಬದನೆಕಾಯಿ ಕೊಟ್ಟಿದ್ದಳಲ್ಲ, ಬಿಡುವುದುಂಟೇ? ಜಗಳ ಮುಗಿಸಿ ಬಂದರೆ ಪಾತ್ರೆ ತಳ ಹಿಡಿದಿತ್ತು. ಕಟ್ಟಳೆ ಯಾಕಿದೆ ಎಂದು ಆಗ ತಿಳಿಯಿತು. ಅತ್ತೆ ಬಯ್ಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದರು. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

ಮುಂದಿನ ಭಾನುವಾರ ಗಂಡನನ್ನೂ ಮಕ್ಕಳನ್ನೂ ರಾಯಕೋಟೆಯ ನಾದಿನಿಯ ಮನೆಗೆ ಸಾಗಹಾಕಿ ಮತ್ತೆ ಕೂತೆ. ತರಕಾರಿಯವಳು ಕೂಗಿದಳು, ಕೈಯಾಡಿಸಿ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಪಾತ್ರೆಯಲ್ಲಿ ಹಳದಿ ಎಣ್ಣೆ ತೇಲಿತು. ಖುಷಿಗೆ ಕಿರುಚಬೇಕೆನಿಸಿತು, ಸೆರಗು ಕಚ್ಚಿಕೊಂಡೆ. ಎಣ್ಣೆಯನ್ನು ಬಾಣಲೆಗೆ ತೆಗೆದು ಸೊಪ್ಪು ಹಾಕಿ ಕಾಯಿಸತೊಡಗಿದೆ.

ಆಗ ಓನರಮ್ಮ ಮೆಟ್ಟಿಲಿಳಿದು ಬಂದರು. ಒಣಹಾಕಿದ ಬಟ್ಟೆಗೆಲ್ಲ ನನ್ನ ಹೊಗೆ ಹಿಡಿದಿತ್ತಂತೆ. ನಾನು ಉತ್ತರ ಕೊಡದೆ ಬಾಣಲೆ ತಿರುವುತ್ತಿದ್ದುದು ನೋಡಿ ಅವರ ಸಿಟ್ಟು ನೆತ್ತಿಗೇರಿತು. ಎಷ್ಟು ತಿಮಿರು ನಿನಗೆ ಎಂದರು. ಮೂರು ಭಾಷೆಯಲ್ಲೂ ಉತ್ತರ ನಾಲಿಗೆ ತುದಿಗೆ ಬಂದು ನಿಂತಿತ್ತು. ನುಂಗಿಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಗಲ್ಲ.

"ಅವ್ಳು ಎಣ್ಣೆ ತೆಗೀತಾವ್ಳೆ ಕಣಮ್ಮ, ಮಾತಾಡಂಗಿಲ್ಲ. ಏನಿದ್ರೂ ನನ್ ಕೇಳಿ."

ತಿರುಗಿ ನೋಡಿದೆ. ಅತ್ತೆ ಹಿತ್ತಿಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಂಚದಿಂದ ಅಲ್ಲಿಗೆ ಆರು ಹೆಜ್ಜೆ. ಓನರಮ್ಮ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಟ್ಟೆ ಎತ್ತಿಕೊಳ್ಳುತ್ತೇನೆ ಎಂದು ಗೊಣಗುತ್ತ ಮೇಲೆ ಹೋದರು.

ಅತ್ತೆ ಬತ್ತಿ ಅದ್ದಿ ನೋಡುವಂತೆ ಸನ್ನೆ ಮಾಡಿದರು. ಎಣ್ಣೆಯಲ್ಲಿ ನೀರಿನಂಶ ಉಳಿದಿದ್ದರೆ ಹಚ್ಚಿದ ಬತ್ತಿ ಚಟಪಟ ಸಿಡಿಯುತ್ತದೆ. ನನ್ನದು ಸದ್ದಿಲ್ಲದೆ ನೆಟ್ಟಗೆ ಉರಿಯಿತು. ಬಾಣಲೆ ಇಳಿಸಿದೆ.

"ಈಗ ಮಾತಾಡು."

ಬೆಳಗಿನಿಂದ ಕೂಡಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಅತ್ತೆ, ನೀವು ನಿಂತ್ಕೊಂಡಿದ್ದೀರ" ಎಂದೆ.

ಅವರು ಬಗ್ಗಿ ತಮ್ಮ ಕಾಲನ್ನೇ ನೋಡಿಕೊಂಡರು. ಎಣ್ಣೆಯನ್ನು ಇನ್ನೂ ಒಂದು ತೊಟ್ಟೂ ಹಚ್ಚಿರಲಿಲ್ಲ. ಆದರೂ ಅದು ನನ್ನ ಎಣ್ಣೆಯ ಗುಣವೇ ಎಂದು ಇವತ್ತಿಗೂ ಎಲ್ಲರ ಹತ್ತಿರ ವಾದಿಸುತ್ತೇನೆ. ಈಗ ನನ್ನ ಬಾಯಿಗೆ ಯಾವ ಕಟ್ಟಳೆಯೂ ಇಲ್ಲ.