ಒಂದೇ ಹಲ್ಲಿಗೆ ಎರಡು ತುಂಡು

ತಿಪ್ಪಸಂದ್ರದ ಪ್ರತಿಮಾ ಕನಕಪುರದ ಜಯಕುಮಾರ್ ಡಾಕ್ಟರ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಹುಳುಕು ಕೆರೆದ ಹಲ್ಲಿನ ಗುಂಡಿಗೆ ಬಾಯಿಯ ಹೊರಗೇ ತುಂಡು ಮಾಡಿ ತಂದು ಕೂರಿಸುವ ‘ಇನ್‌ಲೇ’ ಅವಳ ಕೈಗೆ ಹತ್ತಿದ ಕೆಲಸ. ಹಲ್ಲಿನ ಅಚ್ಚಿನ ಮೇಲೆ ಮೇಣ ತಿದ್ದಿ, ಮೇಣ ಕರಗಿಹೋದ ಜಾಗಕ್ಕೆ ಕಾದ ಲೋಹ ಹೊಯ್ದು, ಉಜ್ಜಿ ಹೊಳಪು ಕೊಡುವಷ್ಟರಲ್ಲಿ ಎರಡು ದಿನ ಹಿಡಿಯುತ್ತಿತ್ತು.

೨೦೦೮ರಲ್ಲಿ ಒಂದು ದಿನ ಡಾಕ್ಟರು ಕರೆದರು. “ಬೆಂಗಳೂರಿನ ಲ್ಯಾಬಿಗೆ ಮಿಷನ್ ಬಂದಿದೆಯಮ್ಮ. ಅಚ್ಚನ್ನ ಕಂಪ್ಯೂಟರ್ ಅಳೆಯುತ್ತೆ, ಪಿಂಗಾಣೀನ ಮಿಷನ್ನೇ ಕೊರೆಯುತ್ತೆ. ಇನ್ಮೇಲೆ ಅಲ್ಲಿಗೇ ಕಳಿಸೋಣ ಅಂತಿದ್ದೀನಿ.”

ಹಾಗಾದರೆ ಪ್ರತಿಮಾಳಿಗೆ ಇಲ್ಲಿ ಕೆಲಸವೇ ಉಳಿಯುತ್ತಿರಲಿಲ್ಲ. ಆದರೂ ದನಿ ಅಲುಗದಂತೆ ಹೇಳಿದಳು: “ಒಂದೇ ಹಲ್ಲಿಗೆ ಮಿಷನ್ದೂ ನಂದೂ ಎರಡೂ ಮಾಡ್ಸಿ ಸಾರ್. ಮಿಷನ್ದೇ ಚೆನ್ನಾಗಿ ಕೂತ್ರೆ ನಾನು ತುಟಿ ಬಿಚ್ಚಲ್ಲ.”

ಹುಳುಕು ಹಲ್ಲು ತೋರಿಸಲು ಬಂದಿದ್ದ ಕಲ್ಲುಕ್ವಾರಿಯ ಕೆಲಸಗಾರ ದೊಡ್ಡಹನುಮಯ್ಯ ತನ್ನ ಹಲ್ಲಿಗೇ ಮಾಡಿ ನೋಡಲು ಒಪ್ಪಿದ. “ಮಾಡವ್ವ. ಮುದ್ದೆ ಹೆಂಗೋ ನುಂಗ್ತೀನಿ, ಇನ್ನೇನೂ ಅಗಿಯಕ್ಕಾಯ್ತಿಲ್ಲ.”

ವಾರ ಕಳೆದು ಎರಡೂ ತುಂಡುಗಳನ್ನು ಅವನ ದವಡೆಹಲ್ಲಿಗೆ ಇಟ್ಟು ನೋಡಿದರು. ಮಿಷನ್ನಿನ ಬಿಳಿ ತುಂಡಿನ ಒಂದು ಅಂಚಿನಲ್ಲಿ ಡಾಕ್ಟರ ಸೂಜಿ ಸಿಕ್ಕಿಕೊಂಡಿತು. ಅಲ್ಲಿ ಸಂದಿ ಉಳಿದಿತ್ತು. ಪ್ರತಿಮಾಳದು ಅಂಚಿನಲ್ಲಿ ನುಣ್ಣಗಿತ್ತು. ಆದರೆ ಅದಕ್ಕೂ ಪಕ್ಕದ ಹಲ್ಲಿಗೂ ನಡುವೆ ದಾರ ಆಡಿಸಿದರೆ ಸಡಿಲವಾಗಿ ಓಡಾಡಿತು. ಅನ್ನದ ಅಗಳು ಸಿಕ್ಕಿಕೊಳ್ಳುವುದು ಖಂಡಿತ. ಪ್ರತಿಮಾ ತನ್ನ ತುಂಡನ್ನು ಕೈಗೆ ತೆಗೆದುಕೊಂಡಳು.

“ನನ್ನದನ್ನ ಮತ್ತೆ ಮಾಡ್ತೀನಿ ಸಾರ್. ಮಿಷನ್ದು ಯಾಕೆ ಹಂಗಾಯ್ತು ಅಂತ್ಲೂ ನೋಡ್ಬೇಕು. ಲ್ಯಾಬಿಗೆ ಒಂದು ಚೀಟಿ ಬರ್ಕೊಡಿ.”

ಮರುದಿನ ಬೆಳಗಿನ ಬಸ್ಸಿಗೇ ಹೊರಟಳು. ಲ್ಯಾಬಿನ ಮನೋಹರ್ ಪರದೆಯ ಮೇಲೆ ಗುಂಡಿಯ ಅಂಚಿನುದ್ದಕ್ಕೂ ಮೌಸಿನಿಂದ ಗೆರೆ ಎಳೆಯುತ್ತಿದ್ದುದನ್ನು ಕಂಡು ಕೇಳಿದಳು: “ಗೆರೆ ನೀವೇ ಎಳೀತೀರಾ?”

“ಮತ್ತಿನ್ಯಾರು ಎಳೀತಾರೆ? ನಾವು ತೋರಿಸಿದ ಕಡೆ ತಾನೇ ಅದು ಕೊರೆಯೋದು.”

ದೊಡ್ಡಹನುಮಯ್ಯನ ಹಲ್ಲಿನ ಚಿತ್ರ ತೆಗೆಸಿ, ಬಗ್ಗಿ ನೋಡಿದಳು. “ಇಲ್ಲಿ ಗೆರೆ ಒಸಿ ಒಳಕ್ಕೆ ಬಂದ್ಬುಟ್ಟೈತೆ. ನಾನು ಎಳೀಲಾ?”

ಮನೋಹರ್ ನಗುತ್ತಾ ಎದ್ದು ಜಾಗ ಬಿಟ್ಟ. ಅವಳು ಮೌಸ್ ಹಿಡಿದಳು. ಎರಡು ಸಲ ಅಳಿಸಿ, ಮೂರನೆಯ ಸಲ ಎಳೆದ ಗೆರೆ ಅಂಚಿಗೆ ಸರಿಯಾಗಿ ಕೂತಿತು. ಮಿಷನ್ ಹೊಸ ತುಂಡು ಕೊರೆದು ಮುಗಿಸುವವರೆಗೂ ಅವಳು ಅಲ್ಲಾಡಲಿಲ್ಲ.

ಕನಕಪುರಕ್ಕೆ ಬಂದು ತನ್ನ ತುಂಡನ್ನೂ ಮತ್ತೆ ಮಾಡಿದಳು. ಈ ಬಾರಿ ಎರಡೂ ಸರಿಯಾಗಿ ಕೂತವು. ದೊಡ್ಡಹನುಮಯ್ಯ ಲೋಹದ್ದನ್ನೇ ಬೇಡಿದ. “ಬಾಯೊಳಗಿರೋದ್ನ ಯಾರ್ ನೋಡ್ಬೇಕು? ಗಟ್ಟಿಯಾಗಿರೋದೇ ಕೂರ್ಸಿ.”

ಪ್ರತಿಮಾ ಡಾಕ್ಟರಿಗೆ ಹೇಳಿದಳು: “ಬಿಳೀದು ಕೇಳೋರಿಗೆ ಬೆಂಗಳೂರಿಗೇ ಕಳ್ಸಿ ಸಾರ್. ಗೆರೆ ಮಾತ್ರ ನಾನೇ ಹೋಗಿ ಎಳೀತೀನಿ.”

ಅಂದಿನಿಂದ ಪ್ರತಿ ಗುರುವಾರ ಅಚ್ಚುಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತತೊಡಗಿದಳು.